ತುತ್ತಿಗೆ ಮುಂಚಿನ ಫೌಲು

ಚಿಕ್ಕಂದಿನಲ್ಲಿ ನನಗೆ ದೆವ್ವದ ಹೆದರಿಕೆ ಇರಲಿಲ್ಲ, ಕತ್ತಲೆಯ ಹೆದರಿಕೆ ಇರಲಿಲ್ಲ, ಹೆದರಿಕೆ ಇದ್ದದ್ದು ಊಟದ ತಟ್ಟೆಯದು. ಅಮ್ಮನ ಅಡುಗೆ ಕೆಟ್ಟದಾಗಿತ್ತು ಅಂತ ಯಾರೂ ತಿಳಿಯಬೇಡಿ. ಅವಳು ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆ ಆಂಟಿ ಬಟ್ಟಲು ಹಿಡಕೊಂಡೇ ಬರೋರು. ನನ್ನ ಹೆದರಿಕೆ ತಟ್ಟೆಗೆ ಮುದ್ದೆ ಬಿದ್ದ ಮೇಲೆ, ಮೊದಲ ತುತ್ತು ಮುರಿಯೋದಕ್ಕೆ ಮುಂಚೆ ಇರುತ್ತಿತ್ತಲ್ಲ, ಆ ಐದು ನಿಮಿಷದ್ದು. ಸಂಜೆ ದೀಪ ಹಚ್ಚುವ ಹೊತ್ತಿಗೇ ಅದರದೇ ಯೋಚನೆ ಶುರುವಾಗೋದು. ಬೀದಿಯ ತಿರುವಿನಲ್ಲಿ ಅಪ್ಪನ ಲೂನಾ ಸದ್ದು ಕೇಳಿತೋ, ಬೆಳಗಿನಿಂದ ಏನೇನು ಮಾಡಿದೆ ಅಂತ ನೆನಪು ಮಾಡಿಕೊಳ್ಳುತ್ತಾ ಬಚ್ಚಲುಮನೆಗೆ ಹೋಗಿ ಕೂತುಬಿಡುತ್ತಿದ್ದೆ.

ಅಪ್ಪ ರಾಜಾಜಿನಗರದ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಈಗಿನ ಮಕ್ಕಳಿಗೆ ಆ ಕೆಲಸದ ಹೆಸರೇ ಗೊತ್ತಿಲ್ಲ. ಸ್ನೂಕರ್ ಟೇಬಲ್ಲಿನ ಪಕ್ಕ ನಿಂತು, ಗೋಡೆಯ ಬೋರ್ಡಿನ ಮೇಲೆ ಸ್ಕೋರಿನ ಮುಳ್ಳು ಸರಿಸೋದು, ಚೆಂಡು ಒರೆಸಿ ಅದರ ಜಾಗಕ್ಕೆ ಇಡೋದು, ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಟೇಬಲ್ಲಿನ ಹಸಿರು ಬಟ್ಟೆಗೆ ಬ್ರಷ್ ಹೊಡೆದು ಇಸ್ತ್ರಿ ಹಾಕೋದು, ಹೊಸ ಮೆಂಬರುಗಳಿಗೆ ಕೋಲು ಹಿಡಿಯೋದು ಕಲಿಸೋದು. ಕ್ಲಬ್ಬಿನಲ್ಲಿ ಯಾರಿಗಿಂತಲೂ ಚೆನ್ನಾಗಿ ಆಡೋರು. ಆದರೆ ಟೂರ್ನಮೆಂಟಿಗೆ ಹೆಸರು ಕೊಡೋ ಹಾಗಿರಲಿಲ್ಲ. ಮಾರ್ಕರ್ ಅಂದರೆ ಸಂಬಳಕ್ಕೆ ಟೇಬಲ್ ಮುಟ್ಟೋನು, ಅಂದಮೇಲೆ ಅವನು ಪ್ರೊಫೆಷನಲ್ಲು, ಪ್ರೊಫೆಷನಲ್ಲುಗಳು ಮೆಂಬರುಗಳ ಜೊತೆ ಆಡಬಾರದು ಅನ್ನೋದು ಆ ಕ್ಲಬ್ಬಿನ ಹಳೇ ಕಾನೂನು. ಟೀವಿಯಲ್ಲಿ ವಿದೇಶದ ಪ್ರೊಫೆಷನಲ್ ಟೂರ್ನಮೆಂಟ್ ತೋರಿಸುವಾಗ ಅಮ್ಮ ಕಿಚಾಯಿಸೋಳು, "ನೋಡ್ರೀ, ನಿಮ್ಮ ಜಾತಿಯೋರು ಬಂದ್ರು," ಅಂತ. ಅಪ್ಪ ನಗುತ್ತಿದ್ದರು. ಪೇಪರಿನಲ್ಲಿ ರ‍್ಯಾಂಕಿಂಗ್ ಪಟ್ಟಿ ಬಂದರೆ ಮಾತ್ರ ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದೋರು, ಕೊನೆಯ ಹೆಸರಿನ ಕೆಳಗೂ ಬೆರಳು ಸ್ವಲ್ಪ ಹೊತ್ತು ನಿಂತಿರೋದು.

ನಮ್ಮ ಮನೆ ಮಹಡಿಯ ಮೇಲಿನ ಬಾಡಿಗೆ ಮನೆ. ಒಂದು ಹಾಲು, ಒಂದು ರೂಮು, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದ ಅಡುಗೆಮನೆ. ಮನೆ ಪೂರ್ತಿ ಹಸಿರು. ಕ್ಲಬ್ಬಿನಲ್ಲಿ ಟೇಬಲ್ಲಿನ ಬಟ್ಟೆ ಬದಲಾಯಿಸಿದಾಗಲೆಲ್ಲ ಹಳೆಯದನ್ನು ಅಪ್ಪ ಸುತ್ತಿಕೊಂಡು ತರುತ್ತಿದ್ದರು. ಟೀವಿಯ ಮುಸುಕು, ಹೊಲಿಗೆ ಮಿಷನ್ನಿನ ಮುಸುಕು, ದೇವರ ಪೀಠಕ್ಕೆ ಹಾಸಿದ್ದು, ನಮ್ಮ ಸ್ಕೂಲ್ ಬ್ಯಾಗಿನ ಒಳಗಿನ ಪಟ್ಟಿ, ಎಲ್ಲಾ ಅದೇ ಬಟ್ಟೆ. ಒಂದು ಕಡೆಗೆ ಕೈಯಾಡಿಸಿದರೆ ನುಣ್ಣಗೆ, ಇನ್ನೊಂದು ಕಡೆಗೆ ಆಡಿಸಿದರೆ ತರಿತರಿ. ನಾನೂ ನನ್ನ ತಮ್ಮ ಸೀನನೂ ಕಣ್ಣು ಮುಚ್ಚಿಕೊಂಡು ಬಟ್ಟೆ ಸವರಿ, ಯಾವ ಕಡೆ ನುಣುಪು ಅಂತ ಪಂದ್ಯ ಕಟ್ಟುತ್ತಿದ್ದೆವು. ಸೀನ ಮೋಸ ಮಾಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಅವನೇ ಅದನ್ನ ಒಪ್ಪಿಕೊಳ್ಳುತ್ತಲೂ ಇದ್ದ. ಯಾಕೆಂದರೆ ನಮ್ಮ ಮನೆಯ ಪದ್ಧತಿಯೇ ಹಾಗಿತ್ತು.

ಸ್ನೂಕರಿನಲ್ಲಿ ಆಡುವವರು ತಮ್ಮ ಫೌಲನ್ನ ತಾವೇ ಹೇಳಬೇಕು. ತೋಳು ಚೆಂಡಿಗೆ ತಾಕಿತಾ, ಬೇರೆ ಯಾರೂ ನೋಡದಿದ್ದರೂ ಕೈ ಎತ್ತಿ ಹೇಳಬೇಕು. ಅಪ್ಪ ಇದನ್ನ ಮನೆಗೂ ತಂದಿದ್ದರು. ಎಲ್ಲರ ತಟ್ಟೆಗೂ ಬಡಿಸಿ ಆದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಚಿಕ್ಕವರಿಂದ ಶುರು. ಮೊದಲು ಸೀನ, ಆಮೇಲೆ ನಾನು, ಆಮೇಲೆ ಅಮ್ಮ, ಕೊನೆಗೆ ಅಪ್ಪ. ಅವತ್ತಿನ ತಪ್ಪು ಹೇಳಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಆಟದಲ್ಲಿ ಫೌಲಿಗೆ ಕಮ್ಮಿ ಅಂದರೆ ನಾಲ್ಕು, ಜಾಸ್ತಿ ಅಂದರೆ ಏಳು, ನಮ್ಮನೆಯಲ್ಲೂ ಅಷ್ಟೇ. ಆ ಪಾಯಿಂಟು ತಪ್ಪು ಮಾಡಿದವರಿಂದ ಕಳೆಯುವುದಿಲ್ಲ, ಎದುರಿನವರಿಗೆ ಸೇರುತ್ತದೆ. ಸೀನನ ಪುಸ್ತಕ ಹರಿದರೆ ನಾಲ್ಕು ದಿನ ಅವನ ಶೂಗೆ ನಾನು ಪಾಲಿಶ್ ಹಾಕಬೇಕು. ಒಂದು ಸಲ ಅಮ್ಮ, "ನಿಮ್ಮಮ್ಮ ಬಂದಾಗ ತಲೆನೋವು ಅಂತ ಸುಳ್ಳು ಹೇಳಿ ಮಲಗಿದ್ದೆ," ಅಂದುಬಿಟ್ಟಳು. ಅಪ್ಪ ಸ್ವಲ್ಪವೂ ನಗದೆ "ನಾಲ್ಕು" ಅಂದರು. ಪಾಪ, ಅವಳು ನಾಲ್ಕು ದಿನ ಬಿನ್ನಿಪೇಟೆಗೆ ಬಸ್ಸಿನಲ್ಲಿ ಹೋಗಿ ಅಜ್ಜಿಯ ಕಾಲು ಒತ್ತಿ ಬಂದಳು. ಅಪ್ಪನಿಗೂ ವಿನಾಯಿತಿ ಇರಲಿಲ್ಲ. ಬೇಜಾರಾಗಿ ಟೇಬಲ್ಲಿನ ಒಂದು ಮೂಲೆ ಬ್ರಷ್ ಮಾಡದೆ ಬಿಟ್ಟೆ ಅಂತ ಹೇಳಿ, ಮಾರನೇ ದಿನ ಕತ್ತಲಿರುವಾಗಲೇ ಎದ್ದು ಹೋಗೋರು.

ಇದರಲ್ಲಿ ಹೆದರೋದೇನಿದೆ ಅಂತ ನೀವು ಕೇಳಬಹುದು. ಅಪ್ಪ ಒಂದು ದಿನವೂ ಕೈ ಎತ್ತಿದವರಲ್ಲ, ಗದರಿದವರೂ ಅಲ್ಲ. ಅದೇ ನೋಡಿ ತೊಂದರೆ. ಇಡೀ ದಿನ ಆಡುವವರ ಪಕ್ಕ ಪಿಸುಮಾತಿನಲ್ಲೇ ಇದ್ದೂ ಇದ್ದೂ ಅವರ ದನಿಯೇ ತಗ್ಗಿಹೋಗಿತ್ತು. ಬೈದಿದ್ದರೆ ಬೈಸಿಕೊಂಡು, ಅತ್ತು, ಮೂಗು ಒರೆಸಿಕೊಂಡು ಎದ್ದು ಹೋಗಬಹುದಿತ್ತು. ಅವರು ಸುಮ್ಮನೆ ನನ್ನ ಮುಖ ನೋಡುತ್ತಾ ಕಾಯೋರು. ಸಾರು ತಣ್ಣಗಾಗೋದು, ಮುದ್ದೆ ಗಟ್ಟಿಯಾಗೋದು, ಅವರ ಕೈ ತಟ್ಟೆಯ ಅಂಚಿನ ಮೇಲೆ ಹಾಗೇ ಇರೋದು. ನನಗೆ ಜೀವ ಬಾಯಿಗೆ ಬರೋದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ನಾನು ಮಾಡದ ತಪ್ಪನ್ನೂ ಎಷ್ಟೋ ಸಲ ಒಪ್ಪಿಕೊಂಡಿದ್ದೇನೆ. ಆ ಪದ್ಧತಿಯಲ್ಲಿ ಒಂದೇ ಒಂದು ಕರುಣೆಯ ಕಾನೂನಿತ್ತು, ಅದೂ ಆಟದ್ದೇ. ಫೌಲನ್ನ ಯಾರೂ ಹೇಳದೆ ಮುಂದಿನ ಹೊಡೆತ ಆಗಿಹೋದರೆ ಹಿಂದಿನ ಫೌಲು ಇಲ್ಲ.

"ತುತ್ತು ಬಾಯಿಗೆ ಹೋಯ್ತು ಅಂದ್ರೆ ಮುಗೀತು. ಆಮೇಲೆ ಯಾರೂ ಎತ್ತಂಗಿಲ್ಲ," ಅನ್ನೋರು ಅಪ್ಪ.

ನಾನು ಆಟ ಕಲಿತದ್ದೂ ಇಂಥ ಒಂದು ಶಿಕ್ಷೆಯಿಂದಲೇ. ಟೇಬಲ್ ಸಮ ಇದೆಯಾ ಅಂತ ನೋಡೋಕೆ ಅಪ್ಪನ ಹತ್ತಿರ ಒಂದು ರಸಮಟ್ಟ ಇತ್ತು, ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಓಡಾಡೋದು. ನಾನು ಅದನ್ನ ಕದ್ದು ತೆಗೆದು, ಮನೆಯ ನೆಲ ಸಮ ಇದೆಯಾ ನೋಡುವಾಗ ಮೆಟ್ಟಿಲ ಮೇಲೆ ಬೀಳಿಸಿ ಒಡೆದೆ. ಅವತ್ತು ರಾತ್ರಿ ತಟ್ಟೆಯ ಮುಂದೆ ಹೇಳಿದೆ. ಅಪ್ಪ "ಏಳು" ಅಂದರು. ಏಳು ದಿನ ಬೆಳಗಿನ ಜಾವ ಅವರ ಜೊತೆ ಲೂನಾದಲ್ಲಿ ಹೋಗಿ ಟೇಬಲ್ ಬ್ರಷ್ ಮಾಡಿದೆ. ಎಂಟನೇ ದಿನ ಯಾರೂ ಕರೆಯದಿದ್ದರೂ ಎದ್ದು ಕೂತಿದ್ದೆ. ಅಪ್ಪ ಲೂನಾ ಹತ್ತಿಸಿಕೊಂಡರು, ಕ್ಲಬ್ಬಿನಲ್ಲಿ ಕೋಲು ಕೈಗೆ ಕೊಟ್ಟರು. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಹುಡುಗಿಯರ ರಾಜ್ಯ ರ‍್ಯಾಂಕಿಂಗ್ ಟೂರ್ನಮೆಂಟುಗಳಲ್ಲಿ ಆಡುತ್ತಿದ್ದೆ. ಮಾರ್ಕರಿನ ಮಗಳು ಆಡಬಾರದು ಅಂತ ಯಾವ ಕಾನೂನೂ ಇರಲಿಲ್ಲ, ಕಾನೂನು ಮಾಡಿದ ಆ ಪುಣ್ಯಾತ್ಮರಿಗೆ ಅದು ಹೊಳೆದಿರಲಿಲ್ಲ ಅಂತ ಕಾಣುತ್ತೆ.

ವರ್ಷಕ್ಕೆ ಮೂರು ಟೂರ್ನಮೆಂಟು. ಮೂರರ ಪಾಯಿಂಟು ಸೇರಿಸಿ ಪಟ್ಟಿ ಮಾಡೋರು. ಮೊದಲ ನಾಲ್ಕು ಹುಡುಗಿಯರು ರಾಜ್ಯದ ಪರವಾಗಿ ಆಡೋಕೆ ಹೋಗಬಹುದು. ಎರಡು ಟೂರ್ನಮೆಂಟು ಮುಗಿದಾಗ ಮೊದಲ ಮೂರು ಹೆಸರು ಹೆಚ್ಚುಕಮ್ಮಿ ಗಟ್ಟಿಯಾಗಿತ್ತು. ನಾಲ್ಕನೇ ಜಾಗಕ್ಕೆ ಇದ್ದವರು ಇಬ್ಬರು, ನಾನು ಮತ್ತು ಕೆಂಗೇರಿಯ ಶೋಭ. ಶೋಭ ನನ್ನ ವಾರಿಗೆಯವಳು, ಅವರ ಚಿಕ್ಕಪ್ಪನ ಜೊತೆ ಬಸ್ಸಿನಲ್ಲಿ ಬರೋಳು, ಮಾತು ಕಮ್ಮಿ, ಆದರೆ ಡಬ್ಬಿಯಲ್ಲಿ ಚಿತ್ರಾನ್ನ ತಂದರೆ ಅರ್ಧ ನನಗೆ ಕೊಡೋಳು. ಮೂರನೇ ಟೂರ್ನಮೆಂಟು ಅಪ್ಪನ ಕ್ಲಬ್ಬಿನಲ್ಲೇ ನಡೆಯಿತು. ಕ್ವಾರ್ಟರ್ ಫೈನಲ್ಲಿನಲ್ಲಿ ನನಗೂ ಅವಳಿಗೂ ಬಿತ್ತು. ಗೆದ್ದವಳು ನಾಲ್ಕನೆಯವಳು. ಮಗಳ ಆಟಕ್ಕೆ ತಾನು ಬೋರ್ಡಿನ ಹತ್ತಿರ ನಿಲ್ಲೋದಿಲ್ಲ ಅಂತ ಅಪ್ಪ ಹೇಳಿದರಂತೆ. ಅಲ್ಲಿದ್ದ ದೊಡ್ಡಮನುಷ್ಯರೊಬ್ಬರು ನಕ್ಕುಬಿಟ್ಟರಂತೆ.

"ಅಯ್ಯೋ, ಮುಳ್ಳು ಸರ್ಸೋದ್ರಲ್ಲಿ ಏನ್ರೀ ಮೋಸ ಆಗತ್ತೆ ಮಾರ್ಕರ್? ಸುಮ್ನೆ ನಿಂತ್ಕೊಳ್ಳಿ."

ಆಟಕ್ಕೆ ಬಿಳಿ ಶರ್ಟು, ಕರಿ ವೇಸ್ಟ್‌ಕೋಟು ಹಾಕಬೇಕಿತ್ತು. ಅಪ್ಪನ ಹಳೇ ತುಂಬುತೋಳಿನ ಶರ್ಟನ್ನ ಅಮ್ಮ ನನ್ನ ಅಳತೆಗೆ ಚಿಕ್ಕದು ಮಾಡಿ ಹೊಲಿದಿದ್ದಳು. ಎಡಗೈ ಮುಂಗೈಯ ಗುಂಡಿ ಮಾತ್ರ ಹಿಂದಿನ ದಿನ ಕಿತ್ತುಬಂದಿತ್ತು. ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ಅದು ಅವಳಿಗೆ ಮರೆಯಿತು, ನನಗೂ ಮರೆಯಿತು.

ಆಟ ಐದು ಸುತ್ತಿನದು, ಅಂದರೆ ಐದು ಫ್ರೇಮು, ಎರಡು ಎರಡು ಸಮ ಆಗಿ ಕೊನೆಯ ಫ್ರೇಮಿಗೆ ಬಂತು. ಅದೂ ಎಳೆದು ಎಳೆದು ಕೊನೆಗೆ ಟೇಬಲ್ಲಿನ ಮೇಲೆ ಉಳಿದದ್ದು ಪಿಂಕ್ ಮತ್ತು ಬ್ಲ್ಯಾಕ್, ಎರಡೇ ಚೆಂಡು. ನಾನು ಎಂಟು ಪಾಯಿಂಟು ಹಿಂದೆ. ಪಿಂಕಿಗೆ ಆರು, ಬ್ಲ್ಯಾಕಿಗೆ ಏಳು, ಎರಡನ್ನೂ ಟೇಬಲ್ಲಿನ ಜೇಬಿಗೆ ಹಾಕಿದರೆ ಗೆದ್ದೆ. ಒಂದು ತಪ್ಪಿದರೂ ಸೋತ ಹಾಗೇ. ಪಿಂಕು ಸುಲಭವಾಗೇ ಇತ್ತು, ಆದರೆ ಕೋಲಿನಿಂದ ಹೊಡೆಯೋ ಬಿಳಿ ಚೆಂಡು ಬ್ಲ್ಯಾಕಿನ ಆಚೆಗೆ ನಿಂತಿತ್ತು. ಬ್ಲ್ಯಾಕಿನ ಮೇಲಿಂದ ಎಡಗೈ ಚಾಚಿ, ಬೆರಳೂರಿ ಹೊಡೆಯಬೇಕು. ಬಗ್ಗಿದೆ. ಗುಂಡಿಯಿಲ್ಲದ ತೋಳು ಜೋತುಬಿದ್ದು ಬ್ಲ್ಯಾಕಿಗೆ ತಾಕಿತು. ಚೆಂಡು ಎಳ್ಳಿನಷ್ಟು ಅಲುಗಿ ನಿಂತಿತು. ರೆಫರಿ ಆ ತುದಿಯಲ್ಲಿ ಪಿಂಕಿನ ಹತ್ತಿರ ಬಗ್ಗಿದ್ದರು, ಅವರಿಗೆ ಕಾಣಲಿಲ್ಲ. ನಾನು ಹಾಗೇ ಇದ್ದೆ. ಹೇಳಿದರೆ ಶೋಭಂಗೆ ಏಳು ಪಾಯಿಂಟು, ನಾನು ಹದಿನೈದು ಹಿಂದೆ, ಟೇಬಲ್ಲಿನ ಮೇಲೆ ಉಳಿದಿರೋದೇ ಹದಿಮೂರು. ಅಷ್ಟು ಲೆಕ್ಕ ಆ ಹೆದರಿಕೆಯಲ್ಲೂ ತಲೆಯಲ್ಲಿ ಸರಸರ ಓಡಿತು ನೋಡಿ, ಹಾಳಾದ್ದು. ಕಣ್ಣೆತ್ತಿದೆ. ಎದುರಿಗೆ ಬೋರ್ಡಿನ ಹತ್ತಿರ ಅಪ್ಪ ನಿಂತಿದ್ದರು. ಅವರ ಕಣ್ಣು ನನ್ನ ಮೇಲೆ ಇರಲಿಲ್ಲ, ಬ್ಲ್ಯಾಕಿನ ಮೇಲಿತ್ತು. ಆಮೇಲೆ ನನ್ನ ಮೇಲೆ ಬಂತು. ಮನೆಯಲ್ಲಿ ತಟ್ಟೆಯ ಮುಂದೆ ಕೂತು ಕಾಯುತ್ತಿದ್ದರಲ್ಲ, ಅದೇ ನೋಟ.

ನಾನು ಹೊಡೆದೆ. ಪಿಂಕು ಹೋಯಿತು. ರೆಫರಿ "ಆರು" ಅಂದರು. ಅಪ್ಪನ ಕೈ ಮುಳ್ಳಿನ ಮೇಲೆ ಇತ್ತು, ಸರಿಯಲಿಲ್ಲ. ರೆಫರಿ ಇನ್ನೊಂದು ಸಲ ಅತ್ತ ತಿರುಗಿ ನೋಡಿದ ಮೇಲೆ ಸರಿಯಿತು. ಬ್ಲ್ಯಾಕನ್ನ ಹೇಗೆ ಹಾಕಿದೆನೋ ನನಗೆ ನೆನಪಿಲ್ಲ. ಚಪ್ಪಾಳೆ ನೆನಪಿದೆ. ಶೋಭ ಬಂದು ಕೈ ಕುಲುಕಿದಳು, ಅವಳ ಕೈ ಒದ್ದೆಯಾಗಿತ್ತು. ಮಧ್ಯಾಹ್ನ ಸೆಮಿಫೈನಲ್ಲಿನಲ್ಲಿ ನಾನು ಸೋತೆ, ಸಂಜೆ ಎಲ್ಲಾ ಆಟ ಮುಗಿದ ಮೇಲೆ ಪಟ್ಟಿ ಟೈಪಾಗಿ ಬಂತು. ಅದನ್ನ ನೋಟೀಸ್ ಬೋರ್ಡಿಗೆ ಪಿನ್ನು ಚುಚ್ಚಿ ಅಂಟಿಸೋದೂ ಮಾರ್ಕರಿನದೇ ಕೆಲಸ. ನಾಲ್ಕನೇ ಹೆಸರು ಗಿರಿಜ, ಅಂದರೆ ನಾನು, ಐದನೇ ಹೆಸರು ಶೋಭ. ಅಪ್ಪ ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಪಟ್ಟಿಯ ಮೇಲೆ ಬೆರಳಿಡದೆ ಒಳಗೆ ಹೋದರು. ಲೂನಾದಲ್ಲಿ ಮನೆಗೆ ಬರುವಾಗ ಅವರ ಸೊಂಟ ಹಿಡಕೊಳ್ಳೋಕೂ ನನಗೆ ಭಯವಾಗಿ ಸೀಟಿನ ಹಿಂದಿನ ಕಂಬಿ ಹಿಡಕೊಂಡು ಕೂತೆ.

ಅಮ್ಮ ಹೋಳಿಗೆ ಮಾಡಿದ್ದಳು. ತಟ್ಟೆ ಹಾಕಿ ಆಯಿತು. ಸೀನ ಕ್ಲಾಸಿನಲ್ಲಿ ಯಾರದೋ ಪೆನ್ನು ಮುಚ್ಚಿಟ್ಟಿದ್ದು ಹೇಳಿ ನಾಲ್ಕು ಹಾಕಿಸಿಕೊಂಡ. ನನ್ನ ಸರದಿ ಬಂತು. ಹೇಳಿಬಿಡು, ಹೇಳಿಬಿಡು ಅಂತ ಒಳಗಿನಿಂದ ಯಾರೋ ನೂಕುತ್ತಿದ್ದರು. ಹೇಳಿದರೆ ಅಪ್ಪ ನನ್ನ ಕೈ ಹಿಡಕೊಂಡು ಮತ್ತೆ ಕ್ಲಬ್ಬಿಗೆ ಕರಕೊಂಡು ಹೋಗುತ್ತಾರೆ, ಎಲ್ಲರ ಮುಂದೆ ಹೇಳಿಸುತ್ತಾರೆ, ಮಾರ್ಕರಿನ ಮಗಳು ಕಳ್ಳಿ ಅನ್ನುತ್ತಾರೆ. ಅದು ಮಾತ್ರ ಕಣ್ಣಮುಂದೆ ಬರುತ್ತಿತ್ತು.

"ಇಲ್ಲ," ಅಂದೆ.

ಅಮ್ಮ ತನ್ನ ಸರದಿಗೆ ನಗುನಗುತ್ತಲೇ ಶುರು ಮಾಡಿದಳು.

"ನಂದು ಒಂದಿದೆಯಪ್ಪಾ. ಇವಳ ತೋಳಿನ ಗುಂಡಿ ಹೊಲಿಯೋದು ಮರೆತೇಬಿಟ್ಟಿದ್ದೀನಿ. ಪಾಪ, ಮಗು ಹಾಗೇ ಜೋತಾಡಿಸ್ಕೊಂಡು ಆಡಿದೆ. ನಾಲ್ಕು ಹಾಕಿ, ಇವಳಿಗೆ."

ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ನಾನು ಆ ತೋಳನ್ನ ಇನ್ನೊಂದು ಕೈಯಿಂದ ಮುಚ್ಚಿಕೊಂಡೆ. ಅಪ್ಪ ಅದನ್ನೂ ನೋಡಿದರು. ಇನ್ನೂ ತುತ್ತು ಮುರಿದಿರಲಿಲ್ಲ, ಇನ್ನೂ ಹೇಳಬಹುದಿತ್ತು. ಅವರು ಕಾದರು. ಎಷ್ಟು ಹೊತ್ತು ಅಂದರೆ ಸೀನ, "ಅಪ್ಪಾ, ನಿಂದು ಹೇಳು, ಹಸಿವು," ಅಂತ ತಟ್ಟೆ ಕುಟ್ಟಿದ.

"ನಂದೂ ಒಂದಿದೆ," ಅಂದರು ಅಪ್ಪ. ಆಮೇಲೆ, "ಹೇಳಲ್ಲ," ಅಂದರು.

ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ಅಮ್ಮ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದಳು. ನಮ್ಮ ಮನೆಯಲ್ಲಿ ಆವರೆಗೆ ಯಾರೂ ಆ ಮಾತು ಆಡಿರಲಿಲ್ಲ. ಮಾರನೇ ದಿನ ಸಂಜೆ ತಟ್ಟೆ ಹಾಕಿ, ನಾವೆಲ್ಲ ಅಭ್ಯಾಸಬಲದಿಂದ ಕೈ ಕಟ್ಟಿ ಕೂತೆವು. ಅಪ್ಪ ನೇರವಾಗಿ ಮುದ್ದೆ ಮುರಿದರು. ಅದರ ಮಾರನೇ ದಿನವೂ ಅಷ್ಟೇ. ಹೀಗೆ ಆ ಪದ್ಧತಿ ನಿಂತುಹೋಯಿತು. ಸೀನ ಕುಣಿದಾಡಿದ. ಎಷ್ಟೋ ವರ್ಷ ಆ ಐದು ನಿಮಿಷ ಬೇಡಪ್ಪಾ ದೇವರೇ ಅಂತ ಕೈ ಮುಗಿದವಳು ನಾನು, ಈಗ ಅದು ಇಲ್ಲವಾದಾಗ ಇನ್ನೂ ಹೆಚ್ಚು ಭಯವಾಯಿತು. ಅಪ್ಪ ನನ್ನ ಮುಖ ನೋಡಿ ಕಾಯೋದನ್ನೇ ಬಿಟ್ಟರು. ಇಷ್ಟು ದಿನ ನನ್ನ ತಪ್ಪಿಗೆ ಒಂದು ಬೆಲೆ ಹೇಳೋರಿದ್ದರು, ತೀರಿಸಿ ಬಂದರೆ ಮುಗಿಯುತ್ತಿತ್ತು. ಈಗ ಹೇಳೋರೇ ಇಲ್ಲ. ರಾಜ್ಯದ ಪರವಾಗಿ ಆಡೋಕೆ ಹೋದೆ, ಮೊದಲ ಆಟದಲ್ಲೇ ಸೋತು ಬಂದೆ. ಬಗ್ಗಿದಾಗಲೆಲ್ಲ ತೋಳು ನೋಡಿಕೊಳ್ಳುತ್ತಿದ್ದರೆ ಚೆಂಡು ಎಲ್ಲಿ ಕಾಣಬೇಕು? ಶೋಭ ಮುಂದಿನ ವರ್ಷ ಆಡೋಕೇ ಬರಲಿಲ್ಲ. ಅವರ ಚಿಕ್ಕಪ್ಪ, ಮೊದಲ ನಾಲ್ಕರಲ್ಲಿ ಬಂದರೆ ಮಾತ್ರ ಮುಂದಕ್ಕೆ ಆಡೋದು ಅಂದಿದ್ದರಂತೆ.

ಈಗ ನಾನು ನಲವತ್ತು ದಾಟಿದ ಹೆಂಗಸು. ವಿಜಯನಗರದಲ್ಲಿ ಮಕ್ಕಳಿಗೆ ಸ್ನೂಕರ್ ಕಲಿಸುತ್ತೇನೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ದಿನವೇ ತೋಳು ಮಡಚೋದು ಹೇಳಿಕೊಡುತ್ತೇನೆ, ಯಾಕೆ ಅಂತ ಯಾರಿಗೂ ಹೇಳಿಲ್ಲ. ಅಮ್ಮ ಹೋಗಿ ಆರು ವರ್ಷ ಆಯಿತು. ಅಪ್ಪ ನನ್ನ ಜೊತೆಗೇ ಇದ್ದಾರೆ. ಕಿವಿ ಮಂದ, ದನಿ ಇನ್ನೂ ತಗ್ಗು. ಹೀಗಾಗಿ ನಮ್ಮಿಬ್ಬರ ಮಾತುಕತೆ ನೋಡಿದರೆ ನನ್ನ ಮಗಳಿಗೆ ನಗು. ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಅವರು ಟೀವಿಯಲ್ಲಿ ಯಾವುದೋ ರ‍್ಯಾಂಕಿಂಗ್ ಟೂರ್ನಮೆಂಟು ನೋಡುತ್ತಿದ್ದರು. ಆಡುತ್ತಿದ್ದವನೊಬ್ಬ ತಾನೇ ಕೈ ಎತ್ತಿ ಫೌಲು ಒಪ್ಪಿಕೊಂಡ. ರೆಫರಿಗೆ ಕಂಡೇ ಇರಲಿಲ್ಲ. ಅಪ್ಪ ರಿಮೋಟು ತೆಗೆದುಕೊಂಡು ಟೀವಿ ಆರಿಸಿಬಿಟ್ಟರು. ನಾನು ತಟ್ಟೆ ಹಾಕಿ ಮುದ್ದೆ ಬಡಿಸಿದೆ, ಸಾರು ಬಿಟ್ಟೆ. ಅವರು ಮುರಿಯೋಕೆ ಕೈ ಹಾಕಿದರು.

"ಅಪ್ಪಾ, ಇರಿ. ನಂದೊಂದು ಫೌಲಿದೆ."

ಜೋರಾಗಿಯೇ ಹೇಳಿರಬೇಕು. ಅವರ ಕೈ ನಿಂತಿತು. ಯಾವುದು ಅಂತ ಕೇಳಲಿಲ್ಲ.

"ಏಳು," ಅಂದರು. "ನಂಗೆ ಹೇಳಿ ಏನಮ್ಮ? ಶೋಭಂಗೆ ಸೇರ್ಬೇಕು."

ಕೈ ಮುದ್ದೆಯಿಂದ ತೆಗೆದು ತಟ್ಟೆಯ ಅಂಚಿನ ಮೇಲಿಟ್ಟರು. ನನ್ನ ಮುಖ ನೋಡುತ್ತಾ ಕಾದರು. ಎಷ್ಟು ವರ್ಷವಾಗಿತ್ತು ಅವರು ಹಾಗೆ ನೋಡಿ! ಶೋಭಳ ನಂಬರು ನನ್ನ ಫೋನಿನಲ್ಲಿ ಮೂರು ವರ್ಷದಿಂದ ಇತ್ತು. ಅವಳ ಮಗಳನ್ನ ಕ್ಲಾಸಿಗೆ ಸೇರಿಸೋ ವಿಷಯಕ್ಕೆ ಯಾರೋ ಕೊಟ್ಟಿದ್ದರು, ನಾನೇ ಫೋನು ಮಾಡದೆ ಜಾರಿಕೊಂಡಿದ್ದೆ. ಸಾರು ತಣ್ಣಗಾಗುತ್ತಿತ್ತು. ಒತ್ತಿದೆ. ಅಪ್ಪನಿಗೆ ಕೇಳಲಿ ಅಂತ ಸ್ಪೀಕರು ಹಾಕಿ ತಟ್ಟೆಗಳ ನಡುವೆ ಇಟ್ಟೆ.

"ಹಲೋ, ಯಾರು?"

ಹೆಸರು ಹೇಳಿದೆ. ಕ್ಲಬ್ಬಿನ ಹೆಸರು ಹೇಳಿದೆ. ಕೊನೆಯ ಫ್ರೇಮು, ಬ್ಲ್ಯಾಕು, ನನ್ನ ತೋಳು, ಎಲ್ಲಾ ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದೆ. ಆ ಕಡೆ ಯಾವುದೋ ಕುಕ್ಕರು ಕೂಗಿ ಸುಮ್ಮನಾಯಿತು.

"ನೋಡಿದ್ದೆ ಕಣೇ," ಅಂದಳು ಶೋಭ. "ಕುರ್ಚಿ ಮೇಲೆ ಕೂತಿದ್ನಲ್ಲ, ನಂಗೆ ಸರಿಯಾಗೇ ಕಾಣ್ತು. ಕೈ ಎತ್ತೋಕೆ ಹೆದರಿಕೆ ಆಯ್ತು. ನಿಮ್ಮಪ್ಪ ಬೋರ್ಡ್ ಹತ್ರಾನೇ ನಿಂತಿದ್ರಲ್ಲ, ಅವರೂ ನೋಡಿದ್ರು, ಅವರು ಹೇಳೇ ಹೇಳ್ತಾರೆ ಅಂದ್ಕೊಂಡೆ. ಅವರು ಹೇಳ್ತಾರೆ ಅಂತಾನೇ ಕಾದೆ."

ನನಗೆ ಅಪ್ಪನ ಕಡೆ ತಿರುಗೋಕೆ ಧೈರ್ಯ ಬರಲಿಲ್ಲ. ಫೋನು ಆರಿಸಿಬಿಡೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಅಪ್ಪ ತಟ್ಟೆಯನ್ನ ಪಕ್ಕಕ್ಕೆ ಸರಿಸಿ, ಫೋನಿನ ಹತ್ತಿರ ಬಗ್ಗಿದರು.

"ಶೋಭಮ್ಮಾ," ಅಂದರು, ಅದೇ ತಗ್ಗು ದನಿಯಲ್ಲಿ, "ನಾನು ಮಾರ್ಕರ್ ಮಾತಾಡ್ತಿರೋದು."